ಫೀಡರ್ ಕಾಯುತ್ತಾ ಕೂರುವ ಗಂಡು ಹಮ್ಮಿಂಗ್‌ಬರ್ಡ್, ಬೇರೆ ಯಾರನ್ನೂ ಹತ್ತಿರ ಬಿಡುತ್ತಿಲ್ಲ. ಏನು ಮಾಡಲಿ?

ಹಿತ್ತಿಲ ನೆರಳು:
ಎಲ್ಲರಿಗೂ ನಮಸ್ಕಾರ. ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಹಿತ್ತಿಲಲ್ಲಿ ಹಮ್ಮಿಂಗ್‌ಬರ್ಡ್ ಅನ್ನುವ ಪುಟ್ಟ ಹಕ್ಕಿಗಳಿಗೆ ಸಕ್ಕರೆ ನೀರು ಇಡುವ ಒಂದು ಫೀಡರ್ ತೂಗುಹಾಕಿದ್ದೇವೆ. ಆನಾ ಹಮ್ಮಿಂಗ್‌ಬರ್ಡ್ ಜಾತಿಯ ಒಂದು ಗಂಡು ನಿಂಬೆ ಗಿಡದ ಒಣ ಕಡ್ಡಿ ಮೇಲೆ ಇಡೀ ದಿನ ಕೂತಿರುತ್ತದೆ, ಬೇರೆ ಹಕ್ಕಿ ಬಂದರೆ ಸಾಕು, ಚಿಟ್‌ಚಿಟ್ ಅಂತ ಕೂಗಿಕೊಂಡು ಅಟ್ಟಿಸಿಕೊಂಡು ಹೋಗುತ್ತದೆ. ಒಂದು ಹೆಣ್ಣು ಬರುತ್ತದೆ, ಪಾಪ, ಕೊಕ್ಕು ಇಡುವಷ್ಟರಲ್ಲಿ ಓಡಬೇಕು. ತಾನಾದರೂ ಹೊಟ್ಟೆ ತುಂಬ ಕುಡಿಯುತ್ತದಾ ಅಂದರೆ ಅದೂ ಇಲ್ಲ, ಎರಡು ಗುಟುಕು ಕುಡಿದು ಮತ್ತೆ ಕಡ್ಡಿಗೆ.
ಇನ್ನೊಂದು ವಿಷಯ. ಮೊನ್ನೆ ಚಳಿ ಜಾಸ್ತಿ ಇತ್ತು. ಬೆಳಿಗ್ಗೆ ನೋಡಿದರೆ ಒಂದು ಹಕ್ಕಿ ಫೀಡರಿನಿಂದ ತಲೆಕೆಳಗಾಗಿ ನೇತಾಡುತ್ತಿತ್ತು! ಸತ್ತೇಹೋಗಿದೆ ಅಂದುಕೊಂಡೆವು, ಆಮೇಲೆ ಹಾರಿಹೋಯಿತು. ಸಕ್ಕರೆ ನೀರಿನಲ್ಲಿ ಏನಾದರೂ ದೋಷ ಇದೆಯಾ? 1 ಲೋಟ ಬಿಳಿ ಸಕ್ಕರೆಗೆ 4 ಲೋಟ ನೀರು ಹಾಕುತ್ತೇನೆ.

ಕೆಂಪು ದಾಸವಾಳ:
ಅಳತೆ ಸರಿಯಾಗಿದೆ, ಬದಲಾಯಿಸಬೇಡಿ. ಬಣ್ಣ, ಜೇನುತುಪ್ಪ ಎರಡೂ ಬೇಡ. ಜೇನುತುಪ್ಪ ನೀರಿಗೆ ಬಿದ್ದರೆ ಬೇಗ ಹುಳಿಯುತ್ತದೆ, ಬೂಸ್ಟು ಬೆಳೆಯುತ್ತದೆ.
ಗಂಡಿನ ವಿಷಯಕ್ಕೆ ಬರೋಣ. ನಾಲ್ಕೈದು ಗ್ರಾಂ ತೂಕದ ಜೀವ ಅದು, ಹಾರುವಾಗ ಎದೆ ನಿಮಿಷಕ್ಕೆ ಸಾವಿರ ಸಲಕ್ಕೂ ಹೆಚ್ಚು ಬಡಿಯಬಲ್ಲದು. ಒಂದು ಹೂವಿನಲ್ಲಿ ಸಿಗುವುದು ಒಂದು ಹನಿಗಿಂತ ಕಡಿಮೆ ಮಕರಂದ, ದಿನಕ್ಕೆ ನೂರಾರು ಹೂವು ಸುತ್ತಿದರೇನೇ ಬದುಕು. ಹಾಗಾಗಿ ಹೂವು ಜಾಸ್ತಿ ಇರುವ ಜಾಗ ಸಿಕ್ಕರೆ ಅದನ್ನು ಕಾಯುವುದು ಅದಕ್ಕೆ ಲಾಭ. ನಿಮ್ಮ ಫೀಡರ್ ಅದರ ಕಣ್ಣಿಗೆ ಎಂದೂ ಬರಿದಾಗದ ಹೂವು. ಬಿಡುತ್ತದಾ? ಕಡಿಮೆ ಕುಡಿಯುತ್ತದೆ ಅಂದಿರಲ್ಲ, ಅದಕ್ಕೂ ಚಿಂತೆ ಬೇಡ. ಕುಡಿದದ್ದು ಗಂಟಲ ಚೀಲದಲ್ಲಿ ತುಂಬುತ್ತದೆ, ಅದು ಖಾಲಿಯಾಗುವವರೆಗೆ ಕೆಲವು ನಿಮಿಷ ಸುಮ್ನೆ ಕೂರಬೇಕು, ಆ ಸಮಯವನ್ನೇ ಕಾವಲಿಗೆ ಬಳಸಿಕೊಳ್ಳುತ್ತದೆ.
ಪರಿಹಾರ: ಎರಡನೇ ಫೀಡರ್ ಹಾಕಿ, ಆದರೆ ಆ ಒಣ ಕಡ್ಡಿಯಿಂದ ಕಾಣದ ಕಡೆ. ಮೊದಲು ನಿಂಬೆ ಗಿಡದ ಹತ್ತಿರ ನಿಂತು, ಅಲ್ಲಿಂದ ಎಲ್ಲೆಲ್ಲಿ ಕಣ್ಣು ಹಾಯುತ್ತದೆ ನೋಡಿ. ಮನೆಯ ಇನ್ನೊಂದು ಮಗ್ಗುಲು ಒಳ್ಳೆಯದು. ಈಗಿರುವ ಫೀಡರಿನ ಪಕ್ಕದಲ್ಲೇ ಎರಡನೆಯದು ಹಾಕಿದರೆ ಎರಡನ್ನೂ ಅದೇ ಕಾಯುತ್ತದೆ.

ಮೋಡದ ಹಾದಿ:
ಒಂದು ಮಾತು ಸೇರಿಸುತ್ತೇನೆ. ಪಕ್ಕಪಕ್ಕ ಹಾಕಿದರೂ ಕೆಲಸ ಆಗುತ್ತದೆ, ಆದರೆ ನಾಲ್ಕೈದಾದರೂ ಬೇಕು. ಹಕ್ಕಿಗಳು ಗುಂಪಾಗಿ ಬಂದರೆ ಒಂದನ್ನು ಓಡಿಸುವಷ್ಟರಲ್ಲಿ ಇನ್ನೊಂದು ಕುಡಿದಿರುತ್ತದೆ, ಆಮೇಲೆ ಕಾವಲಿಗೇ ಅರ್ಥವಿರುವುದಿಲ್ಲ. ಒಂದೆರಡು ಹಕ್ಕಿ ಮಾತ್ರ ಬರುವ ಮನೆಗೆ ಮೇಲಿನವರು ಹೇಳಿದ್ದೇ ಸರಿ.
ತಲೆಕೆಳಗಾಗಿ ನೇತಾಡಿದ್ದು ಟಾರ್ಪರ್, ಅಂದರೆ ಶಕ್ತಿ ಉಳಿಸಲು ಮೈ ಮರಗಟ್ಟುವ ಗಾಢ ನಿದ್ದೆಯಂಥ ಸ್ಥಿತಿ. ಚಳಿ ರಾತ್ರಿಯಲ್ಲಿ ಮೈ ಬಿಸಿ ಉಳಿಸಿಕೊಳ್ಳುವಷ್ಟು ಶಕ್ತಿ ಈ ಪುಟ್ಟ ದೇಹದಲ್ಲಿ ಇರುವುದಿಲ್ಲ. ಸುಮಾರು 40 ಡಿಗ್ರಿ ಇರುವ ಮೈಶಾಖವನ್ನು ಹೊರಗಿನ ಚಳಿಯ ಹತ್ತಿರಕ್ಕೆ ಇಳಿಸಿಬಿಡುತ್ತದೆ, ಎದೆಬಡಿತವೂ ತೀರಾ ನಿಧಾನವಾಗುತ್ತದೆ. ಬೆಳಿಗ್ಗೆ ಎಚ್ಚರವಾಗುತ್ತಿದ್ದಂತೆ ಫೀಡರಿಗೆ ಬಂದು, ಮತ್ತೆ ಹಾಗೇ ಮರಗಟ್ಟುವುದೂ ಉಂಟು. ಕಾಲಿನ ಹಿಡಿತ ಮಾತ್ರ ಬಿಡುವುದಿಲ್ಲ. ದಯವಿಟ್ಟು ಮುಟ್ಟಬೇಡಿ, ಬಿಡಿಸಬೇಡಿ. ಪೂರ್ತಿ ಎಚ್ಚರಕ್ಕೆ ಅರ್ಧ ಗಂಟೆ ಬೇಕಾಗಬಹುದು. ಬಿಸಿಲು ಚೆನ್ನಾಗಿ ಏರಿದರೂ ಏಳದಿದ್ದರೆ, ಕೆಳಗೆ ಬಿದ್ದರೆ, ನಾಲಿಗೆ ಊದಿಕೊಂಡು ಹೊರಗೇ ಇದ್ದರೆ ಆಗ ವನ್ಯಜೀವಿ ಆರೈಕೆ ಕೇಂದ್ರಕ್ಕೆ ಫೋನ್ ಮಾಡಿ. ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಅಮೆರಿಕದಲ್ಲಿ ವಲಸೆ ಹಕ್ಕಿಗಳ 1918ರ ಕಾಯ್ದೆ ಇವಕ್ಕೂ ಅನ್ವಯಿಸುತ್ತದೆ.

ಹಿತ್ತಿಲ ನೆರಳು:
ತುಂಬಾ ಥ್ಯಾಂಕ್ಸ್. ಅಡುಗೆಮನೆ ಕಿಟಕಿಯ ಹೊರಗೆ ಇನ್ನೊಂದು ಹಾಕಿದೆ, ಹೆಣ್ಣು ಈಗ ನೆಮ್ಮದಿಯಾಗಿ ಕುಡಿಯುತ್ತಿದೆ! ಗಾಜಿನ ಫೀಡರ್ ಆದ್ದರಿಂದ ನಾಲಿಗೆಯೂ ಕಾಣುತ್ತದೆ, ದಾರದ ಹಾಗೆ ಸಣ್ಣಗಿದೆ, ಹೊರಗೆ ಬಂದು ಒಳಗೆ ಹೋಗುವುದು ಎಣಿಸಲಿಕ್ಕೇ ಆಗುವುದಿಲ್ಲ. ಈಗ ಇರುವೆ ಕಾಟ ಶುರುವಾಗಿದೆ. ತಂತಿಗೆ ಎಣ್ಣೆ ಸವರಲಾ? ಸುತ್ತ ಸಣ್ಣ ನೊಣಗಳೂ ಇವೆ, ಔಷಧಿ ಹೊಡೆಯಬಹುದಾ?

ಕೆಂಪು ದಾಸವಾಳ:
ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ನೆಕ್ಕುತ್ತದೆ, ಎಣಿಸುವುದು ಹೇಗೆ! ತುದಿಯಲ್ಲಿ ನಾಲಿಗೆ ಎರಡು ಸೀಳಾಗಿರುತ್ತದೆ. ದ್ರವದೊಳಗೆ ಅದರ ಅಂಚು ಬಿಚ್ಚಿಕೊಂಡು, ಹೊರಗೆ ಎಳೆಯುವಾಗ ಮುಚ್ಚಿಕೊಂಡು ನೀರನ್ನು ಹಿಡಿದು ತರುತ್ತದೆ.
ಎಣ್ಣೆ ಬೇಡವೇ ಬೇಡ, ರೆಕ್ಕೆಗೆ ಅಂಟಿದರೆ ಹಾರುವುದಕ್ಕೇ ತೊಂದರೆ. ಫೀಡರಿನ ಮೇಲೆ ಕೊಂಡಿಯಲ್ಲಿ ಸಿಕ್ಕಿಸುವ ಸಣ್ಣ ಬಟ್ಟಲು ಸಿಗುತ್ತದೆ, ಅದಕ್ಕೆ ಬರೀ ನೀರು ತುಂಬಿ, ಇರುವೆ ದಾಟುವುದಿಲ್ಲ. ಔಷಧಿ ಅಂತೂ ಹೊಡೆಯಲೇಬೇಡಿ. ಆ ನೊಣ, ಜೇಡಗಳೇ ಇವುಗಳಿಗೆ ಪ್ರೋಟೀನ್, ಹೆಣ್ಣು ಒಂಟಿಯಾಗಿ ಎರಡು ಮರಿ ಸಾಕಬೇಕು, ಗಂಡು ಕೈ ಹಾಕುವುದಿಲ್ಲ. ಗೂಡು ಬಿಗಿಯುವುದೂ ಜೇಡರ ಬಲೆಯ ಎಳೆಯಿಂದಲೇ, ಆದ್ದರಿಂದ ಸೂರಿನ ಮೂಲೆಯ ಬಲೆಗಳನ್ನೂ ಸದ್ಯಕ್ಕೆ ಗುಡಿಸಬೇಡಿ. ಸೆಕೆ ಶುರುವಾದಾಗ ಎರಡು ದಿನಕ್ಕೊಮ್ಮೆ ಸಕ್ಕರೆ ನೀರು ಬದಲಿಸಿ, ನೀರು ಮಸುಕಾಗಿ ಕಂಡರೆ ಅಷ್ಟೂ ದಿನ ಕಾಯದೆ ಆಗಲೇ ಚೆಲ್ಲಿ, ಫೀಡರ್ ಬಿಸಿನೀರಲ್ಲಿ ಉಜ್ಜಿ ತೊಳೆಯಿರಿ.