ಪದ ಬೇಕು: ‘ಇನ್‌ಪುಟ್ ಕಂಟ್ರೋಲ್’, ‘ಕಂಟ್ರೋಲ್ ಟೋಟಲ್’ (ಇವತ್ತೇ)

ಗೆಳೆಯರೇ,
ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಅಂಗಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸಂಜೆಯೊಳಗೆ ಎರಡು ಪದ ಬೇಕು. ಜೂನ್ 31 ಅಂತ ತಾರೀಖು ಹಾಕಿದರೆ, ಜಿಎಸ್‌ಟಿ ನಂಬರಿನಲ್ಲಿ 15 ಅಕ್ಷರ ಇಲ್ಲದಿದ್ದರೆ ಮುಂದೆ ಬಿಡುವುದಿಲ್ಲ. ಇದು ‘ಇನ್‌ಪುಟ್ ಕಂಟ್ರೋಲ್’. ಚೀಟಿಗಳಲ್ಲಿರುವ ಚೀಲದ ಲೆಕ್ಕವನ್ನು ಮೊದಲೇ ಕೈಯಲ್ಲಿ ಕೂಡಿಟ್ಟು, ಎಂಟ್ರಿ ಮುಗಿದ ಮೇಲೆ ಕಂಪ್ಯೂಟರ್ ತೋರಿಸುವ ಮೊತ್ತದ ಜೊತೆ ನೋಡುವುದು ‘ಕಂಟ್ರೋಲ್ ಟೋಟಲ್’. ನಿಘಂಟಿನಲ್ಲಿ ಎರಡಕ್ಕೂ ‘ನಿಯಂತ್ರಣ’. ‘ನಿಯಂತ್ರಣ ಮೊತ್ತ’ ಓದಿದ ಗುಮಾಸ್ತರೊಬ್ಬರು, ಸರ್ಕಾರ ರೇಟಿಗೆ ಮಿತಿ ಹಾಕಿತಾ ಅಂತ ಕೇಳಿದರು.

ಧಾರವಾಡದಿಂದ:
‘ನಿಯಂತ್ರಣ’ ಸಂಸ್ಕೃತ. ‘ಹತೋಟಿ’ ಹಾಕಿ, ಅಪ್ಪಟ ಕನ್ನಡ. ಮುಗೀತು.

ಗದಗದಿಂದ:
ಅಪ್ಪಟ ಕನ್ನಡವಾ? ಮರಾಠಿಯ ‘ಹಾತೋಟಿ’ ಕೇಳಿಲ್ವಾ ಸರ್, ಕೈಚಳಕ ಅಂತ ಅರ್ಥ. ಇರಲಿ. ‘ಕಂಟ್ರೋಲ್’ ಪದದ ಬೇರು ನೋಡಿ. ಹಳೆಯ ಫ್ರೆಂಚ್‌ನಲ್ಲಿ ಅದು ‘ಎದುರು ಸುರುಳಿ’. ಲೆಕ್ಕದ ಸುರುಳಿಗೆ ಇನ್ನೊಂದು ಪ್ರತಿ ಬರೆದಿಟ್ಟು, ಎರಡನ್ನೂ ಎದುರುಬದುರು ಇಟ್ಟು ನೋಡುತ್ತಿದ್ದರು. ಅಂದ್ರೆ ತಾಳೆ ನೋಡೋದು! ಅಧಿಕಾರ ನಡೆಸುವ ಅರ್ಥ ಆಮೇಲೆ ಅಂಟಿಕೊಂಡಿದ್ದು. ಅದಕ್ಕೇ ‘ತಾಳೆ ಮೊತ್ತ’ ಅನ್ನಿ. ಇನ್ನೊಂದಕ್ಕೆ ಇದು ಹೊಂದುವುದಿಲ್ಲ. ಅದು ಬಾಗಿಲಲ್ಲೇ ನಿಲ್ಲಿಸುವ ಕೆಲಸ, ‘ನಮೂದು ತಡೆ’ ಸಾಕು. 40 ಚೀಲ ಮೆಣಸಿನಕಾಯಿಯನ್ನು 45 ಅಂತ ಹೊಡೆದರೆ ತಡೆ ಸುಮ್ನಿರುತ್ತದೆ, 45 ಕೂಡ ನಡೆಯುವ ಅಂಕಿ ತಾನೇ? ತಾಳೆ ನೋಡಿದಾಗ 5 ಚೀಲ ಜಾಸ್ತಿ ಬಂದು ಸಿಕ್ಕಿಬೀಳುತ್ತದೆ. ಎರಡು ಬೇರೆ ಕೆಲಸಕ್ಕೆ ಒಂದೇ ಪದ ಯಾಕೆ?

ಧಾರವಾಡದಿಂದ:
‘ತಾಳೆ’ಯೂ ಮರಾಠಿಯ ‘ತಾಳಾ’ನೇ. ಇದನ್ನು ಮಾತ್ರ ಒಪ್ಪಬೇಕಾ?

ಹಾವೇರಿಯಿಂದ:
ಜಮಾ, ಖರ್ಚು, ಬಾಕಿ, ರಸೀದಿ, ದಲಾಲಿ ಎಲ್ಲ ಹೊರಗಿಂದ ಬಂದವೇ. ಅವನ್ನೆಲ್ಲ ಬಿಟ್ಟು ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಒಂದು ಪಟ್ಟಿ ಬರೆದು ತೋರಿಸಿ, ನೋಡೋಣ. ಕೇಳಿದವರಿಗೆ ಒಂದು ಮಾತು: ಮುಂದೆ ‘ಹ್ಯಾಶ್ ಟೋಟಲ್’ ಬಂದೇ ಬರುತ್ತದೆ. ಅಲ್ಲಿ ಚೀಟಿಯ ನಂಬರುಗಳನ್ನೇ ಕೂಡಿಸುತ್ತಾರೆ. ಆ ಮೊತ್ತಕ್ಕೆ ಅರ್ಥ ಏನಿಲ್ಲ, ಆದರೆ ಒಂದು ಚೀಟಿ ಬಿಟ್ಟುಹೋದರೂ ಗೊತ್ತಾಗುತ್ತದೆ. ಅದಕ್ಕೂ ಈಗಲೇ ಪದ ಹುಡುಕಿಡಿ.

ಹುಬ್ಬಳ್ಳಿಯಿಂದ:
‘ತಾಳೆ ಮೊತ್ತ’, ‘ನಮೂದು ತಡೆ’ ಹಾಕಿ ಕಳಿಸಿದೆ. ‘ಹ್ಯಾಶ್’ ಹಾಗೇ ಬಿಟ್ಟಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಧಾರವಾಡದಿಂದ:
‘ನಮೂದು’ ಫಾರ್ಸಿ.