ಮನಾಲಿಗೆ ಹೊರಡುವ ಮುಂಚೆ ಟೈರ್ ನೋಡು

ಪುಟ್ಟಾ, ಡಿಸೆಂಬರ್ ಕೊನೆಗೆ ಪುಣೆಯಿಂದ ಕಾರಲ್ಲೇ ಮನಾಲಿಗೆ ಹೋಗ್ತಿದ್ದೇವೆ, ವಿಂಟರ್ ಟೈರ್ ಹಾಕಿಸಬೇಕಾ ಅಂತ ಬೆಳಿಗ್ಗೆ ಗ್ರೂಪಲ್ಲಿ ಕೇಳಿದ್ದೆಯಲ್ಲ. ಟೈಪ್ ಮಾಡಿ ಮುಗಿಯುವ ವಿಷಯ ಅಲ್ಲ, ಅದಕ್ಕೆ ಮಾತಾಡಿಯೇ ಹೇಳುತ್ತೇನೆ. ವಿಂಟರ್ ಟೈರ್ ಬೇಡ. ಆದರೆ ಈಗಿರುವ ಟೈರನ್ನು ನೋಡದೆ ಸುಮ್ನೆ ಹೊರಡುವುದೂ ಬೇಡ.

ವಿಂಟರ್ ಟೈರಿನ ರಬ್ಬರು ಮೆತ್ತಗಿರುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ನಮ್ಮ ಮಾಮೂಲಿ ಟೈರು ಗಟ್ಟಿಯಾಗುತ್ತಾ ಹಿಡಿತ ಬಿಡುತ್ತದೆ, ವಿಂಟರ್ ಟೈರು ಮೆತ್ತಗೇ ಉಳಿಯುತ್ತದೆ. ಮೈತುಂಬ ಬ್ಲೇಡಿನಿಂದ ಗೀರಿದ ಹಾಗೆ ಸಣ್ಣ ಸೀಳುಗಳು. ಹಿಮವನ್ನು ಕಚ್ಚಿ ಹಿಡಿಯುವುದು ಅವೇ. ಆದರೆ ನಿನ್ನ ಎರಡು ಸಾವಿರ ಕಿ.ಮೀ. ಹತ್ತಿರದ ದಾರಿಯಲ್ಲಿ ಹಿಮ ಸಿಗುವುದು ಕೊನೆಯಲ್ಲಿ ಸ್ವಲ್ಪ. ಉಳಿದದ್ದೆಲ್ಲ ಹೈವೇ. ಅಲ್ಲಿ ಆ ರಬ್ಬರು ಬೇಗ ಸವೆಯುತ್ತದೆ, ಬ್ರೇಕ್ ಹಾಕಿದರೆ ಗಾಡಿ ನಿಲ್ಲುವುದೂ ತಡ. ಆಮೇಲೆ ಪುಣೆ ಬೇಸಿಗೆಯಲ್ಲಿ ಅದನ್ನು ಏನು ಮಾಡುತ್ತೀಯ?

ಅಂಗಡಿಯಲ್ಲಿ ಟೈರಿನ ಮೇಲೆ 'ಎಮ್ ಪ್ಲಸ್ ಎಸ್', ಅಂದರೆ ಕೆಸರು ಮತ್ತು ಹಿಮ, ಅಂತ ಬರೆದಿರುವುದನ್ನು ತೋರಿಸಿ ಹಿಮಕ್ಕೂ ಆಗುತ್ತೆ ಅನ್ನಬಹುದು. ಅದು ಕಂಪನಿಯವರು ತಾವೇ ಹಾಕಿಕೊಳ್ಳುವ ಗುರುತು. ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು, ಈ ಚಿತ್ರ ಇದ್ದರೆ ಮಾತ್ರ ಹಿಮದ ಮೇಲೆ ಪರೀಕ್ಷೆ ಆಗಿದೆ ಅಂತ ಲೆಕ್ಕ. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಬರೀ ಎಮ್ ಪ್ಲಸ್ ಎಸ್ ಅನ್ನು ಚಳಿಗಾಲದ ಟೈರ್ ಅಂತ ಒಪ್ಪುವುದೇ ಇಲ್ಲ. ನಿನ್ನ ಟೈರ್ ಹೇಗೂ ಬದಲಿಸುವ ಹಂತಕ್ಕೆ ಬಂದಿದ್ದರೆ, ಆ ಬೆಟ್ಟದ ಗುರುತಿರುವ ಆಲ್ ಸೀಸನ್ ಟೈರ್, ಅಂದರೆ ಎಲ್ಲ ಕಾಲಕ್ಕೂ ಆಗುವಂಥದ್ದು, ನಿನ್ನ ಸೈಜಿನಲ್ಲಿ ಸಿಗುತ್ತಾ ಕೇಳು. ಹಾಕಿಸಿದರೆ ನಾಲ್ಕಕ್ಕೂ ಹಾಕಿಸು. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ತಿರುವಿನಲ್ಲಿ ಹಿಂಭಾಗ ಜಾರಿ ಗಾಡಿ ಅಡ್ಡ ತಿರುಗುತ್ತದೆ.

ಈಗ ಇರುವ ಟೈರಿನ ಬದಿಗೆ ಟಾರ್ಚ್ ಹಿಡಿದು ನೋಡು. ಡಿ.ಒ.ಟಿ. ಅನ್ನುವ ಅಕ್ಷರದ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3421 ಅಂದರೆ 2021ರ 34ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ಟೈರ್ ಮೇಲಿನ ಗೆರೆಗಳು ಆಳ ಇದ್ದರೂ ನನಗೆ ನಂಬಿಕೆ ಇಲ್ಲ, ರಬ್ಬರು ಒಣಗಿರುತ್ತದೆ. ಗೆರೆಯ ಆಳ 1.6 ಮಿ.ಮೀ. ಇದ್ದರೆ ಕಾನೂನಿಗೆ ಸಾಕು, ಹಿಮಕ್ಕೆ ಸಾಲದು. ಕನಿಷ್ಠ 4 ಇರಲಿ.

ಹಣ ಹಾಕುವುದಾದರೆ ಹಿಮದಲ್ಲಿ ಜಾರದ ಹಾಗೆ ಚಕ್ರಕ್ಕೆ ಕಟ್ಟುವ ಚೈನಿಗೆ ಹಾಕು. ಹಿಮ ಬಿದ್ದ ದಿನ ಮನಾಲಿಯಿಂದ ಮುಂದೆ ಸೋಲಂಗ್ ಕಣಿವೆ, ಅಟಲ್ ಸುರಂಗದ ಕಡೆಗೆ ಸಾಮಾನ್ಯವಾಗಿ ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ) ಅಥವಾ ಚೈನ್ ಕಟ್ಟಿದ ಗಾಡಿಗಳನ್ನಷ್ಟೇ ಪೊಲೀಸರು ಬಿಡುತ್ತಾರೆ. ಸುರಂಗ ಇರುವುದೇ 3,000 ಮೀಟರಿಗಿಂತ ಎತ್ತರದಲ್ಲಿ. ಟೈರ್ ಸೈಜಿಗೆ ಸರಿಯಾದ ಚೈನ್ ತಗೋ, ನಿನ್ನ ಗಾಡಿಗೆ ಕಟ್ಟಬಹುದಾ ಅಂತ ಮ್ಯಾನ್ಯುಯಲ್ ನೋಡು. ನಿನ್ನದು ಫ್ರಂಟ್ ವೀಲ್ ಡ್ರೈವ್ ಅಲ್ವಾ, ಎಂಜಿನ್ ತಿರುಗಿಸುವುದು ಮುಂದಿನ ಚಕ್ರವನ್ನೇ, ಅದಕ್ಕೆ ಮುಂದಿನ ಚಕ್ರಕ್ಕೇ ಕಟ್ಟಬೇಕು. ಕೈಗವಸು ಹಾಕಿಕೊಂಡು ಸೊಸೈಟಿ ಪಾರ್ಕಿಂಗಲ್ಲೇ ಕಟ್ಟಿ ಬಿಚ್ಚಿ ಕಲಿತುಕೋ. ಅಲ್ಲಿ ಚಳಿಗೆ ಬೆರಳು ಮಡಚುವುದೇ ಇಲ್ಲ. ಡಾಂಬರು ಕಂಡ ಕೂಡಲೇ ಬಿಚ್ಚಿಬಿಡು. ಮತ್ತೆ, ಫೋರ್ ಬೈ ಫೋರ್ ಇರುವ ಗೆಳೆಯರ ಹಿಂದೆ ವೇಗವಾಗಿ ಹೋಗಬೇಡ. ಹೊರಡುವುದಕ್ಕೆ ಅದು ಸಹಾಯ ಮಾಡುತ್ತದೆ, ನಿಲ್ಲುವುದಕ್ಕೆ ಅಲ್ಲ.

ಹಿಮದಲ್ಲಿ ಟೈರ್ ಗಾಳಿ ಇಳಿಸಿ ಅಂತ ಯಾರಾದರೂ ಹೇಳಿದರೆ ಕೇಳಬೇಡ. ಚಳಿಗೆ ಅದು ತಾನಾಗೇ ಇಳಿದಿರುತ್ತದೆ. ಮನಾಲಿಯಲ್ಲಿ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಅಳೆದು, ಬಾಗಿಲ ಬಳಿಯ ಸ್ಟಿಕರಿನಲ್ಲಿ ಇರುವಷ್ಟು ತುಂಬಿಸು. ಬೇಗ ಹೊರಡುವ ಹಟ ಬೇಡ. ನೆರಳಿನ ತಿರುವು, ಸೇತುವೆ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ ಇರುತ್ತದೆ, ಬಿಸಿಲು ಬೀಳಲಿ. ಆ ದಿನ ಹಿಮ ಜಾಸ್ತಿ ಇದ್ದರೆ ಮನಾಲಿಯಿಂದ ಮುಂದಕ್ಕೆ ಅಲ್ಲಿನ ಟ್ಯಾಕ್ಸಿ ಮಾಡು. ಮಕ್ಕಳು ಜೊತೆಗಿದ್ದಾರೆ, ಅದಕ್ಕೇ ಇಷ್ಟು ಹೇಳ್ತಿದ್ದೇನೆ.

ಇವತ್ತು ರಾತ್ರಿ ಆ ನಾಲ್ಕು ಅಂಕಿ ಕಾಣುವ ಹಾಗೆ ಫೋಟೋ ತೆಗೆದು ಇಲ್ಲೇ ಹಾಕು. ಸ್ಟೆಪ್ನಿದೂ ಬೇಕು.