ಮ್ಯಾಸ್ಟಾಯ್ಡ್ ಮೂಳೆಗೆ ಜನ ಬಳಸುವ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಮಂಡ್ಯ ಕಡೆಯ ಹಳ್ಳಿಗಳಲ್ಲಿ ಹಂಚುವುದಕ್ಕೆ ಕಿವಿ ಸೋರುವುದರ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. 'ಮ್ಯಾಸ್ಟಾಯ್ಡ್' ಅನ್ನುವಲ್ಲಿ ಕೈ ನಿಂತಿದೆ. ಕಿವಿಹಾಲೆಯ ಹಿಂದೆ ಬೆರಳಿಟ್ಟರೆ ಗಟ್ಟಿಯಾಗಿ ಸಿಗುತ್ತದಲ್ಲ, ಆ ಮೂಳೆ. ಕತ್ತು ತಿರುಗಿಸುವ ದಪ್ಪ ಸ್ನಾಯು ಅಲ್ಲಿಗೇ ಅಂಟಿಕೊಂಡಿರುತ್ತದೆ. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಪರೀಕ್ಷೆ ಮಾಡಿಸಿದವರಿಗೆ ಈ ಜಾಗ ಗೊತ್ತಿರುತ್ತದೆ. ಮೂಳೆಯ ಮೂಲಕ ಸದ್ದು ಕೇಳಿಸುತ್ತದೆಯೇ ಎಂದು ನೋಡಲು ಕಂಪಿಸುವ ಪುಟ್ಟ ಸಾಧನವನ್ನು ಅಲ್ಲೇ ಒತ್ತಿಡುತ್ತಾರೆ.

ಗ್ರೀಕ್ ಮೂಲದಲ್ಲಿ ಆ ಹೆಸರಿಗೆ 'ಮೊಲೆಯ ಆಕಾರದ್ದು' ಎಂಬ ಅರ್ಥ. 'ಸ್ತನಾಕಾರದ ಮೂಳೆ' ಎಂದು ಬರೆದರೆ ಓದುವ ತಾಯಿಗೆ ಕಿವಿಯ ನೆನಪೇ ಬರುವುದಿಲ್ಲ. 'ಕಿವಿ ಹಿಂದಿನ ಉಬ್ಬು' ಅನ್ನೋಣ ಅಂದರೆ, ಹುಟ್ಟಿದ ಮಗುವಿನಲ್ಲಿ ಉಬ್ಬು ಇರುವುದಿಲ್ಲ. ಕತ್ತು ನಿಂತು, ಮಗು ನಡೆದಾಡುವ ಹೊತ್ತಿಗೆ ಸ್ನಾಯು ಎಳೆದೆಳೆದು ಅದು ಮೂಡುತ್ತದೆ.

'ಕರ್ಣಮೂಲ' ನನಗೆ ಜಾಸ್ತಿ ಭಯ ಹುಟ್ಟಿಸುವ ಪದ. ಮಂಗನಬಾವು ಬರುವ ಜಾಗ ಎಂದು ಜನ ತಿಳಿದುಬಿಟ್ಟರೆ? ಆ ಬಾವು ಕಿವಿಯ ಮುಂದೆ, ಕೆಳಗೆ ಬರುತ್ತದೆ. ಸಾಮಾನ್ಯವಾಗಿ ತಾನೇ ಇಳಿಯುತ್ತದೆ. ಆದರೆ ಕಿವಿಯ ಹಿಂದೆ ಕೆಂಪಾಗಿ ಊದಿ, ಕಿವಿ ಮುಂದಕ್ಕೆ ಚಾಚಿಕೊಂಡರೆ ಪಟ್ಟು ಹಾಕಿ ಕಾಯುವಂತಿಲ್ಲ. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಈ ಮೂಳೆಯೊಳಗೆ ಜೇನುಗೂಡಿನ ಹಾಗೆ ಗಾಳಿ ತುಂಬಿದ ಸಣ್ಣ ಕೋಣೆಗಳಿವೆ. ಮಧ್ಯಕಿವಿಯಿಂದ ಅಲ್ಲಿಗೆ ದಾರಿಯಿದೆ. ಕಿವಿಯ ಕೀವು ಅಲ್ಲಿ ತುಂಬಿದರೆ ಮೂಳೆಯನ್ನು ತಿಂದು ಮಿದುಳಿನವರೆಗೂ ಹೋಗಬಹುದು. 1873ರಲ್ಲಿ ಜರ್ಮನಿಯ ಹರ್ಮನ್ ಶ್ವಾರ್ಟ್ಸೆ ಈ ಮೂಳೆ ತೆರೆದು ಕೀವು ತೆಗೆಯುವ ಕ್ರಮವನ್ನು ವಿವರಿಸಿದರು. ಆ್ಯಂಟಿಬಯಾಟಿಕ್ ಬಂದ ಮೇಲೆ ಅಂಥ ಆಪರೇಷನ್ ತುಂಬ ಕಡಿಮೆಯಾಯಿತು. ಆದರೂ ಸೋರುವ ಕಿವಿಗೆ ಎಣ್ಣೆ ಬಿಟ್ಟು ಸುಮ್ನೆ ಇರುವ ಮನೆಗಳು ಇನ್ನೂ ಇವೆ. ಕರಪತ್ರ ಅವರಿಗಾಗಿಯೇ.

ಸದ್ಯಕ್ಕೆ 'ಕಿವಿಹಿಂದಿನ ಮೂಳೆ' ಎಂದು ಬರೆದಿದ್ದೇನೆ. ಒಳಗಿನ ಕೋಣೆಗಳಿಗೆ 'ಗಾಳಿಗೂಡು'. 'ಕಿವಿಮೂಳೆ' ಬೇಡ, ಕಿವಿಯೊಳಗಿನ ಮೂರು ಪುಟ್ಟ ಮೂಳೆಗಳ ಜೊತೆ ಕಲಸಿಹೋಗುತ್ತದೆ.

ನಾಗಮಂಗಲ, ಮಳವಳ್ಳಿ, ಕೆ.ಆರ್. ಪೇಟೆ ಕಡೆಯವರು ದಯವಿಟ್ಟು ಹೇಳಿ: ನಿಮ್ಮ ಮನೆಯ ಹಿರಿಯರು ಈ ಜಾಗಕ್ಕೆ ಏನನ್ನುತ್ತಾರೆ? 'ಕಿವಿಬುಡ' ಅಂದರೆ ನಿಮಗೆ ಕಿವಿಯ ಹಿಂದೋ, ಕೆಳಗೋ? 'ಕಿವಿಬುಡಕ್ಕೆ ಬಿಟ್ಟ' ಅನ್ನುವಾಗ ಏಟು ಬೀಳುವುದು ಎಲ್ಲಿಗೆ? ಎಲ್ಲರೂ ಹಿಂದೆ ಅನ್ನುವುದಾದರೆ 'ಕಿವಿಬುಡದ ಮೂಳೆ' ಎಂದೇ ಅಚ್ಚು ಹಾಕಿಸುತ್ತೇನೆ.